ಕಿರೀಟ ಕದ್ದವನಿಗೆ ರಾಜ್ಯವೂ ಸಿಗುತ್ತಾ?

ಪ್ರಶ್ನೆ: ನಾನೊಂದು ಫ್ಯಾಂಟಸಿ ಕಾದಂಬರಿ ಬರೀತಿದೀನಿ. ಅದರಲ್ಲಿ ಸೇನಾಪತಿಯೊಬ್ಬ ರಾತ್ರೋರಾತ್ರಿ ಖಜಾನೆಯಿಂದ ಕಿರೀಟ ಕದ್ದು ತಲೆಗಿಟ್ಕೊಳ್ತಾನೆ, ಬೆಳಗಾಗೋದ್ರೊಳಗೆ ಸೈನ್ಯ, ಮಂತ್ರಿಗಳು, ಊರವರು ಎಲ್ಲಾ ಅವನ ಮುಂದೆ ಮಂಡಿಯೂರ್ತಾರೆ. ಓದಿದ ಗೆಳೆಯ "ಇದು ಚಿಕ್ಕಮಕ್ಕಳ ಕಥೆ ಆಯ್ತು, ಒಂದು ಚಿನ್ನದ ಟೋಪಿಗೆ ಅಷ್ಟೆಲ್ಲಾ ಶಕ್ತಿ ಎಲ್ಲಿಂದ ಬರುತ್ತೆ" ಅಂದ. ನಿಜವಾದ ಚರಿತ್ರೆಯಲ್ಲಿ ಕಿರೀಟಕ್ಕೆ ಅಂಥ ಅಧಿಕಾರ ಇತ್ತಾ, ಅಥವಾ ಅದೆಲ್ಲಾ ಬರೀ ಕಥೆಗಾರರ ಕಲ್ಪನೇನಾ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ, ಆದ್ರೆ ಆ ಸೀನ್ ಕಿತ್ತು ಬಿಸಾಕೋಕೆ ಮುಂಚೆ ಇದನ್ನ ಓದಿ. ಕಿರೀಟ ಕದ್ದು ರಾಜನ್ನ ಮಾಡೋಕೆ ಹೊರಟವರು ನಿಜವಾಗ್ಲೂ ಇದ್ರು, ಅದೂ ಹುಚ್ಚರಲ್ಲ, ಕಾನೂನು ಏನು ಹೇಳುತ್ತೆ ಅಂತ ಲೆಕ್ಕ ಹಾಕಿ ಹೊರಟವರು. ಕಿರೀಟ ಕದ್ದು ಏನೂ ಸಿಗದೇ ಹೋದವರೂ ಇದ್ದಾರೆ. ಈ ಎರಡೂ ಕಳ್ಳತನಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತೆ ಅಂತ ನನ್ನ ನಂಬಿಕೆ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಮೊದಲನೇದು ಹಂಗೇರಿ, 1440. ರಾಜ ಆಲ್ಬರ್ಟ್ 1439ರ ಅಕ್ಟೋಬರ್‌ನಲ್ಲಿ ತೀರಿಕೊಂಡ, ರಾಣಿ ಎಲಿಜಬೆತ್ ತುಂಬು ಬಸುರಿ. ತುರ್ಕರು ಗಡಿಗೆ ಬಂದು ಕೂತಿದ್ದಾರೆ, ಇನ್ನೂ ಹುಟ್ಟದೇ ಇರೋ ಮಗು ನಂಬ್ಕೊಂಡು ಕೂರೋಕಾಗಲ್ಲ ಅಂತ ಅಲ್ಲಿನ ಸಾಮಂತರು ಪೋಲೆಂಡಿನ ಹದಿಹರೆಯದ ರಾಜ ವ್ಲಾದಿಸ್ಲಾವ್‌ನ ಕರೆಸೋಣ, ರಾಣಿ ಅವನನ್ನೇ ಮದುವೆಯಾಗ್ಲಿ ಅಂತ ತೀರ್ಮಾನ ಮಾಡಿದ್ರು. ರಾಣಿಗೆ ತನ್ನ ಹೊಟ್ಟೇಲಿರೋದು ಗಂಡೇ ಅನ್ನೋ ಗಟ್ಟಿ ನಂಬಿಕೆ. ಆ ದೇಶದಲ್ಲಿ ಪಟ್ಟಾಭಿಷೇಕ ಊರ್ಜಿತ ಆಗ್ಬೇಕು ಅಂದ್ರೆ ಮೂರು ವಿಷಯ ಕೂಡಿ ಬರ್ಬೇಕಿತ್ತು: ಹಂಗೇರಿಯ ಮೊದಲ ರಾಜ ಸಂತ ಸ್ಟೀಫನ್‌ನದು ಅಂತ ಜನ ನಂಬಿದ್ದ ಅದೇ ಪವಿತ್ರ ಕಿರೀಟ, ಎಸ್ಟರ್ಗೋಮ್‌ನ ಆರ್ಚ್‌ಬಿಷಪ್, ಸೇಕೆಶ್‌ಫೆಹೇರ್ವಾರ್ ಅನ್ನೋ ಊರಿನ ಚರ್ಚು. ಕಿರೀಟ ಇದ್ದದ್ದು ವಿಶೆಗ್ರಾಡ್ ಕೋಟೆಯಲ್ಲಿ, ಬೀಗ ಹಾಕಿ ಮುದ್ರೆ ಒತ್ತಿ. ಅದನ್ನ ತರೋ ಕೆಲಸ ರಾಣಿ ಒಪ್ಪಿಸಿದ್ದು ತನ್ನ ಮಕ್ಕಳನ್ನ ನೋಡ್ಕೊಳ್ತಿದ್ದ ಹೆಲೆನ್ ಕೊಟ್ಟಾನರ್ ಅನ್ನೋ ಹೆಂಗಸಿಗೆ.

ಈಕೆ ಆಮೇಲೆ ನಡೆದದ್ದೆಲ್ಲಾ ಹೇಳಿ ಬರೆಸಿಟ್ಟಿದ್ದಾಳೆ, ಅದರಿಂದಲೇ ನಮಗೆ ಇಷ್ಟು ವಿವರ ಗೊತ್ತಿರೋದು. ರಾಣಿವಾಸದ ಹುಡುಗಿಯರನ್ನ ಕರ್ಕೊಂಡು ಹೋಗೋಕೆ ಬಂದಿದೀನಿ ಅನ್ನೋ ನೆಪದಲ್ಲಿ ಫೆಬ್ರವರಿ ಚಳಿಯಲ್ಲಿ ಕೋಟೆ ಹೊಕ್ಕಳು. ರಾತ್ರಿ ಸಹಾಯಕ್ಕೆ ಬಂದ ಗಂಡಸರು ಒಳಗೆ ಅರ ಹಿಡಿದು ಬೀಗ ಉಜ್ಜುತ್ತಿದ್ರೆ ಇವಳು ಹೊರಗೆ ಮಂಡಿಯೂರಿ ಪ್ರಾರ್ಥನೆ ಮಾಡ್ತಾ ಕಾವಲಿದ್ದಳು, ಒಂದೊಂದು ಸದ್ದಿಗೂ ಎದೆ ಡವಡವ. ಕಿರೀಟ ಸಿಕ್ಕ ಮೇಲೆ ಹೊಸ ಬೀಗ ಹಾಕಿ, ರಾಣಿಯ ಮುದ್ರೆ ಒತ್ತಿ, ಒಂದು ಕೆಂಪು ಮಖಮಲ್ಲಿನ ದಿಂಬು ಬಿಚ್ಚಿ ಒಳಗಿದ್ದ ಗರಿಗಳನ್ನ ಸ್ವಲ್ಪ ತೆಗೆದು ಕಿರೀಟವನ್ನ ಅದರೊಳಗಿಟ್ಟು ಹೊಲಿದುಬಿಟ್ರು. ಬೆಳಗ್ಗೆ ಆ ದಿಂಬನ್ನ ಜಾರುಬಂಡಿಗೆ ಹಾಕಿ, ಯಾರಿಗೂ ಅನುಮಾನ ಬರ್ದೇ ಇರ್ಲಿ ಅಂತ ಮೇಲೊಂದು ಹಳೇ ಹಸುವಿನ ಚರ್ಮ ಹೊದಿಸಿದ್ರು, ಬಾಲ ಹಿಂದೆ ಜೋತಾಡ್ತಿತ್ತು ಅಂತಾಳೆ. ಹೆಪ್ಪುಗಟ್ಟಿದ ಡ್ಯಾನ್ಯೂಬ್ ನದಿ ದಾಟೋವಾಗ ಹೆಂಗಸರಿದ್ದ ಗಾಡಿಯ ಕೆಳಗೆ ಮಂಜುಗಡ್ಡೆ ಒಡೀತು, ಹೇಗೋ ಬಚಾವಾದ್ರು. ಕಿರೀಟ ಕೊಮಾರೋಮ್‌ನಲ್ಲಿದ್ದ ರಾಣಿ ಹತ್ರ ತಲುಪಿದ ರಾತ್ರಿಯೇ ಆಕೆಗೆ ಹೆರಿಗೆ ಆಯ್ತು, ಗಂಡು ಮಗು. ಕಥೆಗಾರ ಬರೆದಿದ್ರೆ ಇದು ತೀರಾ ಅತಿಯಾಯ್ತು ಅಂತಿದ್ವಿ.

ಮೇ 15ಕ್ಕೆ, ಇನ್ನೂ ಮೂರು ತಿಂಗಳೂ ತುಂಬದ ಆ ಕೂಸಿಗೆ ಪಟ್ಟಾಭಿಷೇಕ. ಅದೇ ಕಿರೀಟ, ಅದೇ ಆರ್ಚ್‌ಬಿಷಪ್, ಅದೇ ಚರ್ಚು, ಮೂರೂ ಸರಿ. ಮಗು ಚರ್ಚಿನ ತುಂಬಾ ಕೇಳೋ ಹಾಗೆ ಅತ್ತಿತು ಅಂತ ಹೆಲೆನ್ ಬರೆಸಿದ್ದಾಳೆ, ಪಟ್ಟದ ಬಟ್ಟೆನೂ ಅವಳೇ ಹೊಲಿದಿದ್ದು. ಕಾನೂನಿನ ಪ್ರಕಾರ ಒಂದು ಕೊರತೆಯೂ ಇಲ್ಲ, ಅಲ್ವಾ? ಆದ್ರೆ ಎರಡು ತಿಂಗಳಲ್ಲಿ, ಜುಲೈ 17ಕ್ಕೆ, ಸಾಮಂತರು ಅದೇ ಚರ್ಚಿನಲ್ಲಿ, ಅದೇ ಆರ್ಚ್‌ಬಿಷಪ್ ಕೈಯಲ್ಲೇ ವ್ಲಾದಿಸ್ಲಾವ್‌ಗೂ ಪಟ್ಟ ಕಟ್ಟಿಸಿದ್ರು. ಪವಿತ್ರ ಕಿರೀಟ ಕೈಲಿಲ್ಲ, ಅದಕ್ಕೆ ಸಂತ ಸ್ಟೀಫನ್‌ನ ಅವಶೇಷ ಇಟ್ಟಿದ್ದ ಪೆಟ್ಟಿಗೆಯ ಮೇಲಿದ್ದ ಬೇರೊಂದು ಕಿರೀಟ ತೆಗೆದು ಬಳಸಿದ್ರು. ಮತ್ತೆ ಬಾಯಿಮಾತಿಗೆ ಬಿಡ್ದೆ ಬರವಣಿಗೆಯಲ್ಲೇ ಘೋಷಣೆ ಮಾಡಿದ್ರು: ರಾಜನಿಗೆ ಪಟ್ಟ ಕಟ್ಟೋದು ಯಾವಾಗಲೂ ರಾಜ್ಯದವರ ಇಚ್ಛೆಯ ಮೇಲೆ ನಿಂತಿದೆ, ಕಿರೀಟದ ಬಲ ಇರೋದು ಅವರ ಒಪ್ಪಿಗೆಯಲ್ಲಿ. ನಿಮ್ಮ ಗೆಳೆಯನ ವಾದಾನೇ ಇದು! ರಾಜ್ಯವಾಳ್ತಿದ್ದ ಜನ 1440ರಲ್ಲೇ ಸಹಿ ಹಾಕಿ ಹೇಳಿದ್ದಾರೆ.

ಹಂಗಂತ ಅವರೇ ಆ ಮಾತನ್ನ ಪೂರ್ತಿ ನಂಬಿದ್ರಾ ಅಂದ್ರೆ, ಇಲ್ಲ. ಮುಂದೇನಾಯ್ತು ನೋಡಿ. ವ್ಲಾದಿಸ್ಲಾವ್ 1444ರಲ್ಲಿ ವಾರ್ನಾ ಯುದ್ಧದಲ್ಲಿ ಸತ್ತ, ಆಮೇಲೆ ಆ ಕೂಸನ್ನೇ ರಾಜ ಅಂತ ಒಪ್ಕೊಂಡ್ರು. ಪವಿತ್ರ ಕಿರೀಟ ಮಾತ್ರ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಮೂರನೇ ಫ್ರೆಡರಿಕ್ ಹತ್ರ ಸಿಕ್ಕಾಕ್ಕೊಂಡಿತ್ತು. 1458ರಲ್ಲಿ ರಾಜನಾಗಿ ಆಯ್ಕೆಯಾದ ಮಾಥಿಯಾಸ್ ಕೊರ್ವಿನಸ್ ಕಡಿಮೆ ಆಸಾಮಿ ಅಲ್ಲ, ಸೈನ್ಯ ಇತ್ತು, ದುಡ್ಡಿತ್ತು, ಜನರ ಬೆಂಬಲ ಇತ್ತು, ಆದರೂ ಅವನು 80,000 ಚಿನ್ನದ ನಾಣ್ಯ ಎಣಿಸಿ ಕಿರೀಟ ಬಿಡಿಸ್ಕೊಂಡು ಬಂದು, 1464ರಲ್ಲಿ, ಅಂದ್ರೆ ಆಳೋಕೆ ಶುರು ಮಾಡಿ ಆರು ವರ್ಷದ ಮೇಲೆ ಪಟ್ಟಾಭಿಷೇಕ ಮಾಡಿಸ್ಕೊಂಡ. ಅದಕ್ಕೂ ಹಿಂದೆ ಚಾರ್ಲ್ಸ್ ರಾಬರ್ಟ್ ಅನ್ನೋ ರಾಜನಿಗೆ 1301, 1309, 1310 ಹೀಗೆ ಮೂರು ಸಲ ಪಟ್ಟ ಕಟ್ಟಬೇಕಾಯ್ತು. ಎರಡನೇ ಸಲ ಪೋಪ್‌ನ ಪ್ರತಿನಿಧಿಯೇ ಹೊಸ ಕಿರೀಟ ಮಾಡಿಸಿ ಆಶೀರ್ವಾದ ಮಾಡಿ ಕೊಟ್ಟಿದ್ದ, ಜನ ಒಪ್ಪಲಿಲ್ಲ, ಹಳೇದೇ ಬರ್ಬೇಕು ಅಂತ ಕೂತ್ರು.

ಈಗ ಎರಡನೇ ಕಳ್ಳತನ. ಲಂಡನ್, 1671ರ ಮೇ 9. ಥಾಮಸ್ ಬ್ಲಡ್ ಅನ್ನೋ ಸಾಹಸಿ ಪಾದ್ರಿ ವೇಷ ಹಾಕ್ಕೊಂಡು ಟವರ್ ಕೋಟೆಯ ಆಭರಣ ಕಾಯ್ತಿದ್ದ ಮುದುಕನ ಸ್ನೇಹ ಬೆಳೆಸಿ, ಒಂದು ದಿನ ಗ್ಯಾಂಗ್ ಕಟ್ಕೊಂಡು ಬಂದು ಅವನ ತಲೆಗೆ ಹೊಡೆದು, ಕಿರೀಟ ನಿಲುವಂಗಿಯೊಳಗೆ ಹಿಡಿಸ್ಲಿ ಅಂತ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡ್ಕೊಂಡು ಓಡಿದ. ಗೇಟ್ ಹತ್ರ ಸಿಕ್ಕಿಬಿದ್ದ. ರಾಜ ಎರಡನೇ ಚಾರ್ಲ್ಸ್ ಅವನನ್ನ ನೇಣಿಗೆ ಹಾಕಿಸ್ತಾನೆ ಅಂತ ಎಲ್ರೂ ಅಂದ್ಕೊಂಡಿದ್ರೆ ಕ್ಷಮಿಸಿ, ಐರ್ಲೆಂಡಿನಲ್ಲಿ ವರ್ಷಕ್ಕೆ 500 ಪೌಂಡ್ ಆದಾಯದ ಜಮೀನು ಬೇರೆ ಕೊಟ್ಟು ಕಳಿಸಿದ. ಯಾಕೆ ಕ್ಷಮಿಸಿದ ಅನ್ನೋದು ಇವತ್ತಿಗೂ ಚರ್ಚೆಯಲ್ಲಿರೋ ವಿಷಯ, ಅದು ಬಿಡಿ. ಆ ಕಿರೀಟ ಸಿಗದೇ ಹೋಗಿದ್ರೂ ಬ್ಲಡ್ ರಾಜ ಆಗ್ತಿರ್ಲಿಲ್ಲ, ಚಾರ್ಲ್ಸ್ ರಾಜ ಅಲ್ಲ ಅಂತನೂ ಯಾರೂ ಅಂತಿರ್ಲಿಲ್ಲ, ಅಕ್ಕಸಾಲಿಗನಿಗೆ ಇನ್ನೊಂದು ಕೆಲಸ ಸಿಗ್ತಿತ್ತು ಅಷ್ಟೇ.

ಒಂದು ಕಡೆ ಕಿರೀಟಕ್ಕೋಸ್ಕರ ಹೆಂಗಸೊಬ್ಬಳು ಪ್ರಾಣ ಪಣಕ್ಕಿಡ್ತಾಳೆ, ರಾಜನೊಬ್ಬ ಖಜಾನೆ ಬರಿದು ಮಾಡ್ತಾನೆ. ಇನ್ನೊಂದು ಕಡೆ ಅದು ಬೆಲೆಬಾಳೋ ಒಡವೆ ಮಾತ್ರ. ಯಾಕೆ? ಹಂಗೇರಿಯಲ್ಲಿ ಮುಂದಿನ ರಾಜ ಯಾರು ಅನ್ನೋದು ತಕರಾರಿನ ವಿಷಯ, ಮನೆತನವೂ ಬೇಕು, ಸಾಮಂತರ ಆಯ್ಕೆಯೂ ಬೇಕು, ಒಂದಕ್ಕೊಂದು ಹೊಂದದೇ ಇದ್ದಾಗ ಜಗಳ ಮುಗಿಸೋಕೆ ಏನಾದ್ರೂ ಒಂದು ಗುರುತು ಬೇಕಿತ್ತು. ಇಂಗ್ಲೆಂಡಿನಲ್ಲಿ ಅಷ್ಟೊತ್ತಿಗೆ ಹಳೇ ರಾಜ ಕಣ್ಮುಚ್ಚಿದ ಗಳಿಗೆಯಲ್ಲೇ ವಾರಸುದಾರ ರಾಜ ಅನ್ನೋ ನಿಯಮ ಗಟ್ಟಿಯಾಗಿತ್ತು. ಎಷ್ಟು ಗಟ್ಟಿ ಅಂದ್ರೆ, 1649ರಲ್ಲಿ ಒಂದನೇ ಚಾರ್ಲ್ಸ್‌ನ ತಲೆ ಕಡಿದು ಹಳೇ ಕಿರೀಟವನ್ನೂ ಕರಗಿಸಿಬಿಟ್ಟಿದ್ರು, ಮಗ ಹನ್ನೊಂದು ವರ್ಷ ಅಧಿಕಾರ ಇಲ್ಲದೇ ಇದ್ದ, ಹೆಚ್ಚು ಕಾಲ ಪರದೇಶದಲ್ಲೇ, 1660ರಲ್ಲಿ ವಾಪಸ್ ಬಂದಾಗ ಹೊರಡಿಸಿದ ಕಾಯ್ದೆಗಳಲ್ಲಿ ಅದನ್ನ ಅವನ ಆಳ್ವಿಕೆಯ ಹನ್ನೆರಡನೇ ವರ್ಷ ಅಂತಲೇ ಬರೆದ್ರು! ಅಪ್ಪ ಸತ್ತ ದಿನದಿಂದಲೇ ಲೆಕ್ಕ. ಪಟ್ಟಾಭಿಷೇಕಕ್ಕೆ ಅಂತ 1661ರಲ್ಲಿ ಹೊಸ ಕಿರೀಟ ಮಾಡಿಸಿದ್ರು, ಎರಡು ಕಿಲೋಗಿಂತ ಜಾಸ್ತಿ ತೂಕದ್ದು, 2023ರಲ್ಲಿ ಮೂರನೇ ಚಾರ್ಲ್ಸ್ ತಲೆಗೂ ಅದನ್ನೇ ಇಟ್ಟಿದ್ದು. ಎಂಟನೇ ಎಡ್ವರ್ಡ್ 1936ರಲ್ಲಿ ಕಿರೀಟ ಮುಟ್ಟದೇನೇ ಜನವರಿಯಿಂದ ಡಿಸೆಂಬರ್ ತನಕ ರಾಜನಾಗಿದ್ದು, ರಾಜನಾಗೇ ಕೆಳಗಿಳಿದ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಯಾರು ರಾಜ ಅನ್ನೋದ್ರಲ್ಲಿ ಎಷ್ಟು ಅನುಮಾನ ಇರುತ್ತೋ ಕಿರೀಟಕ್ಕೆ ಅಷ್ಟು ಶಕ್ತಿ. ಅನುಮಾನವೇ ಇಲ್ಲದ ಕಡೆ ಅದು ಅಲಂಕಾರ. ಫ್ರಾನ್ಸಿನಲ್ಲಿ ನೂರು ವರ್ಷದ ಯುದ್ಧದ ಕಾಲದಲ್ಲಿ ಒಂದೇ ಸಿಂಹಾಸನಕ್ಕೆ ಇಬ್ಬರು ಹಕ್ಕುದಾರರು ಇದ್ದಾಗ ಜೋನ್ ಆಫ್ ಆರ್ಕ್ ಅನ್ನೋ ಹಳ್ಳಿ ಹುಡುಗಿ ಹಟ ಹಿಡಿದದ್ದು ಏನಕ್ಕೆ? ಪ್ಯಾರಿಸ್ ಗೆಲ್ಲೋದು ಆಮೇಲೆ, ಮೊದಲು ಶತ್ರುಗಳ ನಡುವೆ ನುಗ್ಗಿ ಫ್ರೆಂಚ್ ರಾಜರಿಗೆ ಪಟ್ಟ ಕಟ್ಟೋ ಊರಾದ ರೀಮ್ಸ್‌ಗೆ ಹೋಗಿ ಫ್ರೆಂಚ್ ರಾಜಕುಮಾರ ಚಾರ್ಲ್ಸ್‌ಗೆ ಅಲ್ಲಿನ ಪವಿತ್ರ ಎಣ್ಣೆ ಹಚ್ಚಿಸಿ ಪಟ್ಟ ಕಟ್ಟಿಸ್ಬೇಕು ಅಂತ. 1429ರ ಜುಲೈನಲ್ಲಿ ಅದು ಆಗೇ ಹೋಯ್ತು. ಎದುರು ಪಕ್ಷದ ಇಂಗ್ಲಿಷರು 1431ರ ಡಿಸೆಂಬರ್‌ನಲ್ಲಿ ತಮ್ಮ ಹತ್ತು ವರ್ಷದ ಆರನೇ ಹೆನ್ರಿಗೆ ಪ್ಯಾರಿಸ್‌ನಲ್ಲಿ ಪಟ್ಟ ಕಟ್ಟಿದ್ರು, ಆದ್ರೆ ಊರು ತಪ್ಪಿತ್ತು, ತಡವೂ ಆಗಿತ್ತು. ಜೋನ್‌ಗೆ ಓದು ಬರಹ ಬರ್ತಿರ್ಲಿಲ್ಲ, ಆದ್ರೆ ಜನ ಏನು ನೋಡಿದ್ರೆ ನಂಬ್ತಾರೆ ಅನ್ನೋದು ಆಸ್ಥಾನದ ದೊಡ್ಡವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ನಿಮ್ಮ ಸೇನಾಪತಿ ವಿಷಯದಲ್ಲಿ ನನಗೆ ತುಂಬಾ ಕಾಡಿದ್ದು ಇನ್ನೊಂದು. ಅವನು ಕಿರೀಟವನ್ನ ತಾನೇ ತಲೆಗಿಟ್ಕೊಳ್ತಾನೆ. ಇದು ಸಣ್ಣ ವಿಷಯ ಅಲ್ಲ ಸ್ವಾಮಿ, ಕಿರೀಟ ಯಾರ ಕೈಯಿಂದ ತಲೆಗೆ ಬಂತು ಅನ್ನೋದ್ರಲ್ಲೇ ಅರ್ಧ ರಾಜಕೀಯ ಇದೆ. 800ನೇ ಇಸವಿಯ ಕ್ರಿಸ್‌ಮಸ್ ದಿನ ರೋಮ್‌ನಲ್ಲಿ ಮೂರನೇ ಲಿಯೋ ಪೋಪ್ ಫ್ರಾಂಕರ ರಾಜ ಶಾರ್ಲಮೇನ್‌ನ ತಲೆಗೆ ಚಕ್ರವರ್ತಿ ಕಿರೀಟ ಇಟ್ಟ. ಹೀಗಾಗುತ್ತೆ ಅಂತ ಗೊತ್ತಿದ್ರೆ ಹಬ್ಬದ ದಿನ ಆದ್ರೂ ಚರ್ಚಿಗೇ ಹೋಗ್ತಿರ್ಲಿಲ್ಲ ಅಂತ ಶಾರ್ಲಮೇನ್ ಹೇಳಿದ್ನಂತೆ, ಅವನ ಜೀವನಚರಿತ್ರೆ ಬರೆದ ಐನ್‌ಹಾರ್ಡ್ ಬರೆದಿದ್ದಾನೆ. ನಿಜವಾಗ್ಲೂ ಗೊತ್ತಿರ್ಲಿಲ್ವಾ ಅನ್ನೋದು ಬೇರೆ ಮಾತು, ಆದ್ರೆ ಕೊಟ್ಟವನು ಕಿತ್ಕೊಳ್ಳಲೂಬಹುದು ಅನ್ನೋ ಮುಜುಗರ ಅವನಿಗೆ ಇದ್ದಿರ್ಬೇಕು, ಯಾಕಂದ್ರೆ 813ರಲ್ಲಿ ಮಗ ಲೂಯಿಗೆ ಪಟ್ಟ ಆದಾಗ ಪೋಪ್‌ನ ಕರೆಯಲೇ ಇಲ್ಲ, ತನ್ನ ಆಖೆನ್ ಊರಲ್ಲೇ ಮುಗಿಸಿಬಿಟ್ಟ. ಪೋಪ್‌ಗಳು ಬಿಡ್ತಾರಾ, 816ರಲ್ಲಿ ನಾಲ್ಕನೇ ಸ್ಟೀಫನ್ ತಾನೇ ಕಿರೀಟ ಹೊತ್ಕೊಂಡು ರೀಮ್ಸ್ ತನಕ ಹೋಗಿ ಲೂಯಿಗೆ ಇನ್ನೊಂದು ಸಲ ಇಟ್ಟು ಬಂದ. ಸಾವಿರ ವರ್ಷ ಆದ್ಮೇಲೆ 1804ರ ಡಿಸೆಂಬರ್ 2ರಂದು ನೆಪೋಲಿಯನ್ ಏಳನೇ ಪಯಸ್ ಪೋಪ್‌ನ ಪ್ಯಾರಿಸ್‌ಗೆ ಕರೆಸಿ, ಪಕ್ಕದಲ್ಲಿ ಕೂರಿಸಿ, ತನ್ನ ಕೈಯಾರೆ ಕಿರೀಟ ಇಟ್ಕೊಂಡ ಅಲ್ವಾ, ಅದರ ಹಿಂದೆ ಇದೇ ಹಳೇ ಲೆಕ್ಕ ಇರೋದು. ಆಶೀರ್ವಾದ ಬೇಕು, ಋಣ ಬೇಡ.

ಋಣ ಅಂದ್ರೆ ಏನು ಅನ್ನೋದನ್ನ ಮಹಾಭಾರತ ತೋರಿಸಿದಷ್ಟು ಚೆನ್ನಾಗಿ ಬೇರೆಲ್ಲೂ ನಾನು ನೋಡಿಲ್ಲ. ರಾಜಕುಮಾರರ ವಿದ್ಯಾಪ್ರದರ್ಶನದ ಆ ರಂಗದಲ್ಲಿ ಅರ್ಜುನನಿಗೆ ಸಡ್ಡು ಹೊಡೆದ ಕರ್ಣನಿಗೆ ಕೃಪ ಕುಲ ಯಾವುದು ಅಂತ ಕೇಳ್ತಾನೆ, ಕರ್ಣ ತಲೆ ತಗ್ಗಿಸ್ತಾನೆ, ಥಟ್ಟನೆ ದುರ್ಯೋಧನ ಎದ್ದು ಅಲ್ಲೇ ಆ ಕ್ಷಣವೇ ಅವನಿಗೆ ಅಂಗರಾಜ್ಯದ ಅಭಿಷೇಕ ಮಾಡಿಸ್ತಾನೆ. ಶಾಸ್ತ್ರಪ್ರಕಾರ ಈಗ ಅವನು ರಾಜ. ಅಷ್ಟರಲ್ಲಿ ಸಾರಥಿ ಅಧಿರಥ ಕೋಲೂರ್ಕೊಂಡು ಬರ್ತಾನೆ, ಕರ್ಣ ಬಿಲ್ಲು ಕೆಳಗಿಟ್ಟು, ಅಭಿಷೇಕದ ನೀರಿನ್ನೂ ಆರದ ಒದ್ದೆ ತಲೆಯನ್ನ ಅಪ್ಪನ ಕಾಲಿಗೆ ಮುಟ್ಟಿಸ್ತಾನೆ, ಭೀಮ ನಗ್ತಾನೆ, ಹೋಗಿ ಚಾವಟಿ ಹಿಡ್ಕೋ ಅಂತಾನೆ. ಪಟ್ಟ ಸಿಕ್ತು, ಎದುರಿಗಿದ್ದವರು ಒಪ್ಪಲಿಲ್ಲ. ಒಪ್ಪಿದ ಒಬ್ಬನಿಗೆ ಮಾತ್ರ ಕರ್ಣ ಸಾಯೋ ತನಕ ಕಟ್ಟುಬಿದ್ದ. ಆ ಅಪ್ಪ ಮಗನ ದೃಶ್ಯ ಓದಿದಾಗಲೆಲ್ಲಾ ನನಗೆ ಗಂಟಲು ಕಟ್ಟುತ್ತೆ.

ಇಲ್ಲಿಗೆ ಬಂದ್ಮೇಲೆ ಕಥೆಗಾರರ ಬಗ್ಗೆ ಒಂದು ಮಾತು. ಕಲ್ಪನೆಯಲ್ಲಿ ವಸ್ತುವಿಗೆ ಮಾಯಾಶಕ್ತಿ ಕೊಡ್ತಾರಲ್ಲ, ಅದನ್ನ ಮಕ್ಕಳಾಟ ಅಂತ ನಾನು ಒಪ್ಪಲ್ಲ. ಕಲ್ಲಿನಿಂದ ಕತ್ತಿ ಕಿತ್ತವನೇ ರಾಜ ಅನ್ನೋ ಆರ್ಥರ್ ಕಥೆ, ಮೆಟ್ಟಿಲು ಹತ್ತೋಕೆ ಹೋದವನನ್ನ ಒಂದೊಂದು ಗೊಂಬೆಯೂ ತಡೆದು ನೀನು ವಿಕ್ರಮಾದಿತ್ಯನಷ್ಟು ದೊಡ್ಡವನಾ ಅಂತ ಕೇಳೋ ಸಿಂಹಾಸನದ ಕಥೆ, ಇವೆಲ್ಲಾ ಮನುಷ್ಯರ ಕೈಲಿ ಬಗೆಹರಿಯದ ಪ್ರಶ್ನೆಯನ್ನ ಒಂದು ವಸ್ತುವಿಗೆ ಒಪ್ಪಿಸೋ ಕಥೆಗಳು. ರಾಮನ ಪಾದುಕೆಯನ್ನ ಸಿಂಹಾಸನದಲ್ಲಿಟ್ಟು ಭರತ ಹದಿನಾಲ್ಕು ವರ್ಷ ನಂದಿಗ್ರಾಮದಿಂದ ರಾಜ್ಯ ನಡೆಸಿದ್ದು ಇನ್ನೂ ಸೂಕ್ಷ್ಮ. ಸೀಟು ಖಾಲಿ ಬಿಟ್ಟಿದ್ರೆ ಯಾರಾದ್ರೂ ಕೂರ್ತಿದ್ರು, ತಾನೇ ಕೂತಿದ್ರೆ ಅಮ್ಮನ ವರವೇ ಗೆದ್ದಂಗಾಗ್ತಿತ್ತು. ಪಾದುಕೆ ಇಟ್ಟಾಗ ಸಿಂಹಾಸನ ತುಂಬಿದೆ, ಆದ್ರೆ ಯಾರೂ ಕೂತಿಲ್ಲ.

ಇದು ಬರೀ ಪುರಾಣದಲ್ಲಿ ಆಗೋದು ಅಂದ್ಕೋಬೇಡಿ. ಈಗಿನ ಘಾನಾ ದೇಶದ ಅಸಾಂಟೆ ಜನರಿಗೆ ಒಂದು ಚಿನ್ನದ ಪೀಠ ಇದೆ, ಇಡೀ ಜನಾಂಗದ ಆತ್ಮ ಅದರಲ್ಲಿದೆ ಅಂತ ಅವರ ನಂಬಿಕೆ. ಅದರ ಮೇಲೆ ಯಾರೂ ಕೂರಲ್ಲ, ಅವರ ರಾಜನೂ ಕೂರಲ್ಲ, ಮೆರವಣಿಗೆಯಲ್ಲಿ ಪೀಠಕ್ಕೇ ಬೇರೆ ಆಸನ. 1900ರಲ್ಲಿ ಬ್ರಿಟಿಷ್ ಗವರ್ನರ್ ಫ್ರೆಡರಿಕ್ ಹಾಡ್ಜ್‌ಸನ್ ಕುಮಾಸಿಗೆ ಬಂದು, ಆ ಪೀಠ ಎಲ್ಲಿ, ನನಗೆ ಕೂರೋಕೆ ಯಾಕೆ ತಂದಿಲ್ಲ ಅಂತ ತುಂಬಿದ ಸಭೆಯಲ್ಲಿ ಕೇಳಿದ. ಅವರ ರಾಜನನ್ನ ಬ್ರಿಟಿಷರು ಅದಾಗಲೇ ಗಡೀಪಾರು ಮಾಡಿದ್ರು, ಆದ್ರೂ ಪೀಠದ ಮಾತು ಬಂದಿದ್ದೇ ತಡ ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ನಾಯಕತ್ವದಲ್ಲಿ ಜನ ಯುದ್ಧಕ್ಕೇ ನಿಂತ್ರು. ಯುದ್ಧ ಸೋತ್ರು, ರಾಜ್ಯ ಬ್ರಿಟಿಷರ ಪಾಲಾಯ್ತು, ಪೀಠ ಮಾತ್ರ ಬ್ರಿಟಿಷರ ಕೈಗೆ ಕೊನೆಗೂ ಸಿಗ್ಲಿಲ್ಲ, ಕಾಡಲ್ಲಿ ಬಚ್ಚಿಟ್ಟಿದ್ರು. 1935ರಲ್ಲಿ ಅಸಾಂಟೆ ರಾಜಪದವಿ ಮತ್ತೆ ಶುರುವಾದಾಗ ಪೀಠ ಅವರ ಹತ್ರಾನೇ ಇತ್ತು.

ಉಲ್ಟಾ ಉದಾಹರಣೆಗಳೂ ಇವೆ, ಬೇಗ ಹೇಳಿಬಿಡ್ತೀನಿ. ಶಿವಾಜಿ ಹತ್ರ ಕೋಟೆಗಳು, ಸೈನ್ಯ, ಕಂದಾಯ ಎಲ್ಲಾ ಮೊದಲೇ ಇತ್ತು, ಆದ್ರೂ ಬೇರೆ ಸರದಾರರ ಕಣ್ಣಲ್ಲಿ ಅವನೂ ಒಬ್ಬ ಸರದಾರ, ಸುಲ್ತಾನರ ಕಣ್ಣಲ್ಲಿ ಬಂಡಾಯಗಾರ. 1674ರ ಜೂನ್ 6ರಂದು ರಾಯಗಡದಲ್ಲಿ ಕಾಶಿ ಪರಂಪರೆಯ ಗಾಗಾ ಭಟ್ಟರಿಂದ ಪಟ್ಟಾಭಿಷೇಕ ಮಾಡಿಸ್ಕೊಂಡ ಮೇಲೆ ಅವನ ಆಜ್ಞೆ ರಾಜಾಜ್ಞೆ ಆಯ್ತು, ಸ್ವಂತ ಶಕೆ ಶುರು ಮಾಡಿದ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ವಿಧಿಯಲ್ಲಿ ಎರಡನೇ ಸಲವೂ ಪಟ್ಟ ಕಟ್ಟಿಸ್ಕೊಂಡ, ಯಾವ ಕಡೆಯವರೂ ಕೊಂಕು ತೆಗೆಯಬಾರದು ಅನ್ನೋ ಹಾಗೆ. ಇನ್ನೊಂದು ತುದಿಯಲ್ಲಿ ಮಧ್ಯ ಆಫ್ರಿಕಾದ ಸರ್ವಾಧಿಕಾರಿ ಬೊಕಾಸಾ 1977ರ ಡಿಸೆಂಬರ್‌ನಲ್ಲಿ ನೆಪೋಲಿಯನ್‌ನ ಹಾಗೇ ವೈಭವ ಮಾಡಿ ತಾನೇ ಕಿರೀಟ ಇಟ್ಕೊಂಡ, 1979ರ ಸೆಪ್ಟೆಂಬರ್‌ನಲ್ಲಿ ಪದಚ್ಯುತ. ಇರಾನಿನ ಷಾ ಪಟ್ಟಕ್ಕೆ ಬಂದದ್ದು 1941ರಲ್ಲಿ, ಕಿರೀಟ ಇಟ್ಕೊಂಡದ್ದು 1967ರಲ್ಲಿ, ಅದೂ ಸ್ವಂತ ಕೈಯಲ್ಲೇ, 1979ರ ಜನವರಿಯಲ್ಲಿ ದೇಶ ಬಿಟ್ಟು ಹೋಗಬೇಕಾಯ್ತು. ಇಬ್ಬರ ವಿಷಯದಲ್ಲೂ ಯಾರು ಆಳ್ತಿದ್ದಾರೆ ಅನ್ನೋದ್ರಲ್ಲಿ ಜನಕ್ಕೆ ಅನುಮಾನ ಇರ್ಲಿಲ್ಲ, ಅವರಿಗೆ ಸಾಕಾಗಿತ್ತು. ಅಂಥ ಸಿಟ್ಟಿಗೆ ಕಿರೀಟದಲ್ಲಿ ಮದ್ದಿಲ್ಲ.

ಈಗ ನಿಮ್ಮ ಕಾದಂಬರಿಗೆ ಬರೋಣ. ಕಳ್ಳತನದ ಸೀನ್ ಇಟ್ಕೊಳ್ಳಿ, ಅದಕ್ಕೆ ಮುಂಚೆ ಆ ರಾಜ್ಯದಲ್ಲಿ ಒಂದು ತಕರಾರು ಹುಟ್ಟಿಸಿ. ರಾಜ ಮಕ್ಕಳಿಲ್ಲದೇ ಸತ್ತಿರ್ಬಹುದು, ಇಬ್ಬರು ರಾಣಿಯರ ಮಕ್ಕಳಿರ್ಬಹುದು, ದೊಡ್ಡವನು ಯುದ್ಧಕ್ಕೆ ಹೋಗಿ ಬದುಕಿದ್ದಾನೋ ಇಲ್ವೋ ಗೊತ್ತಿಲ್ಲದೇ ಇರ್ಬಹುದು. ವಾರಸುದಾರ ಅರಮನೆಯಲ್ಲೇ ಗುಂಡುಕಲ್ಲಿನಂಗೆ ಕೂತಿರೋವಾಗ ಸೈನ್ಯ ಬರೀ ಕಿರೀಟಕ್ಕೆ ಬಗ್ಗೋದನ್ನ ಯಾವ ಓದುಗನೂ ನಂಬಲ್ಲ, ನಿಮ್ಮ ಗೆಳೆಯ ನಕ್ಕಿದ್ದು ಅಲ್ಲೇ. ಆಮೇಲೆ ಸೇನಾಪತಿ ಒಬ್ಬನೇ ಕತ್ತಲಲ್ಲಿ ಕಿರೀಟ ಇಟ್ಕೊಳ್ಳೋದು ಬೇಡ. ಬೆಳಕಿನಲ್ಲಿ, ನಾಲ್ಕು ಜನರ ಎದುರು ಇಟ್ಕೊಳ್ಳಲಿ. ಹೆದರಿಸಿಯಾದ್ರೂ ಸರಿ ರಾಜಗುರುವನ್ನ ಎಳೆದು ತರಲಿ, ಆ ಗುರುವಿನ ಕೈ ನಡುಗೋದನ್ನ ಮುಂದಿನ ಸಾಲಿನಲ್ಲಿ ನಿಂತ ದಳಪತಿಗಳು ನೋಡ್ಲಿ. ಅವರೆಲ್ಲಾ ಒಟ್ಟಿಗೇ ಮಂಡಿಯೂರೋ ಹಾಗೆ ಬರೀಬೇಡಿ. ಮೊದಲು ಒಬ್ಬ ಊರ್ತಾನೆ, ಬಹುಶಃ ಸಾಲಗಾರನೋ ಹೆದರುಪುಕ್ಕನೋ, ಉಳಿದವರು ಒಬ್ಬರ ಮುಖ ಒಬ್ಬರು ನೋಡ್ಕೊಳ್ತಾರೆ, ಪಕ್ಕದವನು ಬಗ್ಗಿದ್ರೆ ನಾನೊಬ್ಬನೇ ನಿಂತಿರೋದು ಹೇಗೆ ಅನ್ನೋ ಲೆಕ್ಕ ಎಲ್ಲರ ಮುಖದಲ್ಲೂ ಓಡುತ್ತೆ. ಅಲ್ಲೊಂದು ಎರಡು ಪುಟ ನಿಧಾನಕ್ಕೆ ಬರೀರಿ. ಮತ್ತೆ ಕೊನೇ ಸಾಲಿನಲ್ಲಿ ನಿಂತೇ ಇರೋ ಒಬ್ಬನನ್ನ ಇಟ್ಕೊಳ್ಳಿ, ಸೇನಾಪತಿ ರಾಜನಾಗಿ ಕೊಡೋ ಮೊದಲನೇ ಆಜ್ಞೆ ಅವನ ಬಗ್ಗೇನೇ ಇರ್ಬೇಕಾಗುತ್ತೆ, ಆ ಆಜ್ಞೆಯನ್ನ ಯಾರು ಪಾಲಿಸ್ತಾರೆ ಅನ್ನೋದ್ರಿಂದ ನಿಮ್ಮ ಮುಂದಿನ ಅಧ್ಯಾಯ ಶುರು ಮಾಡಬಹುದು.